ಬಣ್ಣದ ಜಂಟಿ ಖಾತೆ

ಹೊಸದಾಗಿ ಮನೆಗೆ ಬಂದ ಮದುಮಕ್ಕಳಿಗೆ ಬಾಗಿಲಲ್ಲಿ ಆರತಿ ಎತ್ತುವ ಸಂಪ್ರದಾಯವು ಕನ್ನಡಿಗರ ಮನೆಗಳಲ್ಲಿ ಇಂದಿಗೂ ಉಳಿದುಬಂದಿದೆ. ಅದು ಊರಿನ ಹೊಸ್ತಿಲಾಗಿರಲಿ, ಮುಂಬಯಿಯ ನಾಲ್ಕನೆಯ ಮಹಡಿಯ ಬಾಗಿಲಾಗಿರಲಿ, ತಟ್ಟೆಯೊಳಗಿನ ನೀರಿನ ಕೆಂಪು ಮಾತ್ರ ಒಂದೇ. ಆ ಕೆಂಪನ್ನು ಯಾರೂ ಅಂಗಡಿಯಿಂದ ತರುವುದಿಲ್ಲ. ಹಳದಿಯಾದ ಅರಿಶಿನವನ್ನು ನೀರಿನಲ್ಲಿ ಕದಡಿ, ಬಿಳಿಯ ಸುಣ್ಣವನ್ನು ಚಿಟಿಕೆಯಷ್ಟು ಸೇರಿಸಿದರೆ ಅದು ತಾನಾಗಿಯೇ ಮೂಡುತ್ತದೆ. ಹಳದಿಗೆ ಬಿಳಿ ಬೆರೆತರೆ ತಿಳಿಹಳದಿಯಾಗಬೇಕೆಂಬುದು ಗೋಡೆಗೆ ಬಣ್ಣ ಬಳಿಯುವವನ ಲೆಕ್ಕ. ಇಲ್ಲಿ ಆ ಲೆಕ್ಕವು ತಾಳೆಯಾಗುವುದಿಲ್ಲ. ಹಾಗಾದರೆ ಆ ಕೆಂಪು ಯಾರದು? ಅರಿಶಿನದ್ದೇ, ಸುಣ್ಣದ್ದೇ?

ನಿತ್ಯದ ರೂಢಿಯಲ್ಲಿ ಮರೆತುಹೋಗಿರುವ ಈ ಪ್ರಶ್ನೆಯು ರಸಾಯನ ವಿಜ್ಞಾನಿಗಳನ್ನು ಸುಮಾರು ಎರಡು ಶತಮಾನಗಳಿಂದ ಕಾಡುತ್ತ ಬಂದಿದೆ. ಅರಿಶಿನದ ಮಟ್ಟಿಗೆ ಉತ್ತರವು ಸರಳವಾದುದು. ಅರಿಶಿನಕ್ಕೆ ಬಣ್ಣವನ್ನು ಕೊಡುವ ಕುರ್ಕ್ಯುಮಿನ್ ಎಂಬ ಅಣುವಿನಿಂದ ಕ್ಷಾರವಾದ ಸುಣ್ಣವು ಪ್ರೋಟಾನನ್ನು, ಅಂದರೆ ಜಲಜನಕದ ಬೀಜವನ್ನು, ಕಿತ್ತುಕೊಳ್ಳುತ್ತದೆ. ಆಗ ಆ ಅಣುವಿನ ಎಲೆಕ್ಟ್ರಾನುಗಳ ಹಂಚಿಕೆಯು ಬದಲಾಗಿ ಹಳದಿಯು ಕೆಂಪಾಗುತ್ತದೆ. ಆದರೆ ಎರಡು ಮೂರು ಬಗೆಯ ಅಣುಗಳು, ಒಂದನ್ನೊಂದು ಒಡೆಯದೆ, ಒಂದೇ ಹರಳಿನಲ್ಲಿ ಅಕ್ಕಪಕ್ಕದಲ್ಲಿ ನೆಲೆಸಿದಾಗಲೂ ಹೊಸ ಬಣ್ಣಗಳು ಹುಟ್ಟುತ್ತವೆ. ಅಲ್ಲಿ ಬಣ್ಣದ ಒಡೆತನವನ್ನು ನಿರ್ಣಯಿಸುವುದು ಹೆಚ್ಚು ಸೂಕ್ಷ್ಮವಾದ ಕೆಲಸ. ಪ್ರತಿದಿನ ಗುಳಿಗೆಗಳನ್ನು ನುಂಗುವ ಮನೆಮಂದಿಗೂ ಈ ವಿಚಾರಕ್ಕೂ ನಿಕಟವಾದ ಸಂಬಂಧವಿದೆ. ಔಷಧಿಗಳಲ್ಲಿ ಬಹುಪಾಲು ಹರಳುಗಳೇ. ಅವುಗಳ ಬಣ್ಣವನ್ನು ತಪ್ಪಾಗಿ ಓದಿದವರು ನಷ್ಟಕ್ಕೆ ಒಳಗಾಗುವುದುಂಟು.

ಬೆಳಕಿನ ನಾಣ್ಯ

ಮನುಷ್ಯನ ಕಣ್ಣಿಗೆ ಕಾಣುವ ಬೆಳಕಿನ ತರಂಗದೂರವು ಸುಮಾರು 400ರಿಂದ 700 ನ್ಯಾನೋಮೀಟರುಗಳ ನಡುವೆ ಇರುತ್ತದೆ. ನ್ಯಾನೋಮೀಟರೆಂದರೆ ಒಂದು ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲು. ಬೆಳಕು ಶಕ್ತಿಯ ಸಣ್ಣ ಸಣ್ಣ ಕಣಗಳಾಗಿ ಬರುತ್ತದೆ. ಕೆಂಪು ಅಂಚಿನ ಕಣದಲ್ಲಿ ಸುಮಾರು 1.8 ಎಲೆಕ್ಟ್ರಾನ್ ವೋಲ್ಟಿನಷ್ಟು, ನೇರಳೆ ಅಂಚಿನ ಕಣದಲ್ಲಿ ಸುಮಾರು 3.1 ಎಲೆಕ್ಟ್ರಾನ್ ವೋಲ್ಟಿನಷ್ಟು ಶಕ್ತಿಯಿರುತ್ತದೆ. ಇವುಗಳನ್ನು ಸಣ್ಣ ನಾಣ್ಯ, ದೊಡ್ಡ ನಾಣ್ಯಗಳೆಂದು ಭಾವಿಸಬಹುದು.

ಅಣುವಿನೊಳಗಿನ ಎಲೆಕ್ಟ್ರಾನು ತಾನಿರುವ ಮಟ್ಟದಿಂದ ಮೇಲಿನ ಮಟ್ಟಕ್ಕೆ ಏರಬೇಕಾದರೆ ಒಂದು ನಿಗದಿಯಾದ ಮೊತ್ತವನ್ನು ತೆರಬೇಕು. ಸಾಧಾರಣವಾಗಿ ಎರಡು ಮೂರು ನಾಣ್ಯಗಳನ್ನು ಕೂಡಿಸಿ ಪಾವತಿ ಮಾಡುವಂತಿಲ್ಲ. ಒಂದೇ ನಾಣ್ಯದಲ್ಲಿ ಪೂರ್ಣ ಹಣ ಸಂದಾಯವಾಗಬೇಕು. ಸಕ್ಕರೆ, ಆಸ್ಪಿರಿನ್, ಪ್ಯಾರಸಿಟಮಾಲ್ ಮುಂತಾದ ಬಹುತೇಕ ಸಾವಯವ ವಸ್ತುಗಳಲ್ಲಿ ಈ ಮೊತ್ತವು ನೇರಳೆ ಬೆಳಕಿನ ಕಣಕ್ಕೂ ಎಟುಕದಷ್ಟು ದೊಡ್ಡದು. ಅವು ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳನ್ನು ಮಾತ್ರ ಹೀರಿ, ಕಾಣುವ ಬೆಳಕನ್ನೆಲ್ಲ ಹಾಗೆಯೇ ಬಿಟ್ಟುಬಿಡುತ್ತವೆ. ಆದುದರಿಂದ ಅವುಗಳ ಹರಳು ಗಾಜಿನಂತೆ ನಿರ್ವರ್ಣವಾಗಿಯೂ ಪುಡಿಯು ಬಿಳಿಯಾಗಿಯೂ ತೋರುತ್ತವೆ.

ಬೇಕಾದ ಮೊತ್ತವು ಇಳಿಯುತ್ತ ಬಂದಂತೆ ಬಣ್ಣವು ಕಾಣಿಸಿಕೊಳ್ಳುತ್ತದೆ. ಮೊದಲು ನೇರಳೆ ಮತ್ತು ನೀಲಿ ಬೆಳಕು ಹೀರಲ್ಪಡುತ್ತದೆ. ಉಳಿದ ಬೆಳಕು ಕಣ್ಣಿಗೆ ಹಳದಿಯಾಗಿ ತೋರುತ್ತದೆ. ಮೊತ್ತವು ಇನ್ನಷ್ಟು ಇಳಿದರೆ ಕಿತ್ತಳೆ, ಕೆಂಪು, ನೇರಳೆಗಳು ಕ್ರಮವಾಗಿ ಬರುತ್ತವೆ. ಕೆಂಪು ಬೆಳಕಿನ ಸಣ್ಣ ನಾಣ್ಯವೇ ಸಾಕಾಗುವಾಗ ವಸ್ತುವು ನೀಲಿಯೋ ಹಸಿರೋ ಆಗಿ ಕಾಣುತ್ತದೆ. ಎಲ್ಲ ನಾಣ್ಯಗಳೂ ಚಲಾವಣೆಯಾದರೆ ಅದು ಕಪ್ಪು. ಕಣ್ಣು ಕಾಣುವುದು ಖರ್ಚಾಗದೆ ಉಳಿದ ಶಿಲ್ಕನ್ನು.

ಬೆರಕೆಯೂ ಕಟ್ಟಡವೂ

ಮಂಡಕ್ಕಿಗೆ ಕಡಲೆಕಾಯಿ ಬೀಜ ಬೆರೆಸಿದರೆ ಅದು ಬೆರಕೆ. ಎಷ್ಟು ಕಲಸಿದರೂ ಮಂಡಕ್ಕಿಯು ಮಂಡಕ್ಕಿಯಾಗಿಯೇ, ಬೀಜವು ಬೀಜವಾಗಿಯೇ ಉಳಿಯುತ್ತದೆ. ನುರಿತ ಗಾರೆಯವನು ಒಂದು ಇಟ್ಟಿಗೆ, ಒಂದು ಕಲ್ಲು, ಮತ್ತೆ ಒಂದು ಇಟ್ಟಿಗೆ ಎಂದು ಲೆಕ್ಕಬದ್ಧವಾಗಿ ಜೋಡಿಸುತ್ತ ಹೋದರೆ ಅದು ಗೋಡೆ. ಬಹುಘಟಕ ಹರಳೆಂದರೆ ಈ ಎರಡನೆಯ ಬಗೆ. ಅದರಲ್ಲಿ ಎರಡು ಅಥವಾ ಹೆಚ್ಚು ಜಾತಿಯ ಅಣುಗಳು ಗೊತ್ತಾದ ಪ್ರಮಾಣದಲ್ಲಿ, ಗೊತ್ತಾದ ಸ್ಥಾನಗಳಲ್ಲಿ, ಕೋಟಿಗಟ್ಟಲೆ ಸಲ ಒಂದೇ ಮಾದರಿಯಲ್ಲಿ ಪುನರಾವರ್ತನೆಗೊಂಡಿರುತ್ತವೆ.

ಇಂತಹ ಹರಳುಗಳಲ್ಲಿ ಕೆಲವು ಲವಣಗಳು. ಅವುಗಳಲ್ಲಿ ಒಂದು ಅಣುವಿನ ಪ್ರೋಟಾನು ಇನ್ನೊಂದಕ್ಕೆ ವರ್ಗವಾಗಿ, ಎರಡೂ ವಿದ್ಯುದಂಶವುಳ್ಳ ಅಯಾನುಗಳಾಗಿರುತ್ತವೆ. ಇನ್ನು ಕೆಲವು ಸಹಹರಳುಗಳು. ಅಲ್ಲಿ ಅಣುಗಳು ಪೂರ್ಣವಾಗಿಯೇ ಉಳಿದು, ಜಲಜನಕ ಬಂಧಗಳೆಂಬ ದುರ್ಬಲವಾದ ಕೊಂಡಿಗಳಿಂದಲೂ ಪರಸ್ಪರ ಆಕರ್ಷಣೆಯಿಂದಲೂ ಕೂಡಿಕೊಂಡಿರುತ್ತವೆ. ನೀರಿನ ಅಣುಗಳೂ ಕಟ್ಟಡದಲ್ಲಿ ಸ್ಥಾನ ಪಡೆದಿದ್ದರೆ ಅವು ಜಲಯುಕ್ತ ಹರಳುಗಳು. ಒಂದೇ ಹರಳು ಈ ಮೂರು ವರ್ಗಗಳಿಗೂ ಸೇರಿರಬಹುದು.

ಹಳದಿ, ಬಿಳಿ ಮತ್ತು ಕಡುಹಸಿರು

ಜರ್ಮನಿಯ ಫ್ರೀಡ್ರಿಕ್ ವೋಲರ್ ಅವರ ಹೆಸರು 1828ರಲ್ಲಿ ಯೂರಿಯವನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿದುದಕ್ಕಾಗಿ ಪ್ರಸಿದ್ಧವಾಗಿದೆ. 1844ರಲ್ಲಿ ಅವರು ಇನ್ನೊಂದು ವಿಚಿತ್ರ ವಸ್ತುವನ್ನು ವರ್ಣಿಸಿದರು. ಕ್ವಿನೋನ್ ಎಂಬುದು ಘಾಟು ವಾಸನೆಯ ಹಳದಿ ಹರಳು. ಹೈಡ್ರೋಕ್ವಿನೋನ್ ಎಂಬುದು ಬಿಳಿಯ ಹರಳು. ಛಾಯಾಚಿತ್ರದ ಫಿಲ್ಮುಗಳನ್ನು ತೊಳೆಯುವ ದ್ರಾವಣದಲ್ಲಿ ಅದು ಬಹುಕಾಲ ಬಳಕೆಯಲ್ಲಿದ್ದ ಪದಾರ್ಥ. ಈ ಎರಡನ್ನೂ ಸರಿಪಾಲಿನಲ್ಲಿ ಕೂಡಿಸಿದಾಗ ದೊರೆತದ್ದು ಲೋಹದಂತೆ ಹೊಳೆಯುವ ಕಡುಹಸಿರಿನ ಹರಳು. ಅದಕ್ಕೆ ಕ್ವಿನ್‌ಹೈಡ್ರೋನ್ ಎಂಬ ಹೆಸರು ಬಂದಿತು. ಕೂಡಿದ ಎರಡರಲ್ಲಿ ಒಂದಕ್ಕೂ ಇಲ್ಲದ ಬಣ್ಣವದು.

ಈ ಹರಳನ್ನು ಬಿಸಿನೀರಿನಲ್ಲಿ ಕರಗಿಸಿದರೆ ಕಡುಹಸಿರು ಅಳಿದುಹೋಗುತ್ತದೆ. ಅಣುಗಳು ನಾಶವಾದುದರಿಂದ ಹಾಗಾಗುವುದಿಲ್ಲ. ಜೋಡಿಗಳು ಬಿಟ್ಟುಹೋಗಿ ಬಹುಪಾಲು ಅಣುಗಳು ನೀರಿನಲ್ಲಿ ಬಿಡಿಬಿಡಿಯಾಗಿ ಅಲೆಯುತ್ತಿರುತ್ತವೆ, ಅಷ್ಟೆ. ನೀರು ತಣ್ಣಗಾಗಿ ಅವು ಮತ್ತೆ ಹರಳುಗಟ್ಟಿದರೆ ಕಡುಹಸಿರೂ ಮರಳಿ ಬರುತ್ತದೆ. ಎಂದರೆ ಆ ಬಣ್ಣವು ಎರಡೂ ಅಣುಗಳು ಒಟ್ಟಾಗಿ ತೆರೆದ ಜಂಟಿ ಖಾತೆಯಲ್ಲಿರುವ ಹಣದಂತೆ. ಇಬ್ಬರಲ್ಲಿ ಒಬ್ಬರು ದೂರವಾದರೂ ಖಾತೆಯು ಮುಚ್ಚಿಹೋಗುತ್ತದೆ.

ಕೊಡುವವನು, ಕೊಳ್ಳುವವನು

ಈ ಜಂಟಿ ಖಾತೆಯ ನಿಯಮಗಳನ್ನು ಸ್ಪಷ್ಟವಾಗಿ ಬರೆದುಕೊಟ್ಟವರು ಅಮೆರಿಕದ ರಾಬರ್ಟ್ ಮಲಿಕನ್. ಅಣುಗಳಲ್ಲಿನ ಎಲೆಕ್ಟ್ರಾನುಗಳ ಬಗೆಗೆ ನಡೆಸಿದ ಸಂಶೋಧನೆಗಾಗಿ 1966ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ವಿದ್ಯುದಂಶದ ವರ್ಗಾವಣೆಯಿಂದ ಹುಟ್ಟುವ ಬಣ್ಣದ ಸಿದ್ಧಾಂತವನ್ನು ಅವರು 1950ರ ದಶಕದ ಆರಂಭದಲ್ಲಿಯೇ ಮಂಡಿಸಿದ್ದರು.

ಎಲೆಕ್ಟ್ರಾನುಗಳ ವಿಷಯದಲ್ಲಿ ಕೆಲವು ಅಣುಗಳು ಧಾರಾಳಿಗಳು, ಕೆಲವು ಆಸೆಬುರುಕರು. ಹೈಡ್ರೋಕ್ವಿನೋನ್ ಕೊಡುವ ಸ್ವಭಾವದ್ದು, ಕ್ವಿನೋನ್ ಕೊಳ್ಳುವ ಸ್ವಭಾವದ್ದು. ಎರಡೂ ಚಪ್ಪಟೆಯಾದ ಅಣುಗಳಾದುದರಿಂದ ಹರಳಿನಲ್ಲಿ ದೋಸೆಗಳನ್ನು ಒಂದರ ಮೇಲೊಂದು ಪೇರಿಸಿದಂತೆ ಸರದಿಯಾಗಿ ಕೂರುತ್ತವೆ. ಆಗ ಬೆಳಕಿನ ಒಂದು ಕಣವು ಬಂದು ತಾಕಿದರೆ ಎಲೆಕ್ಟ್ರಾನು ತನ್ನ ಮನೆಯ ಮೇಲ್ಮಹಡಿಗೆ ಏರಬೇಕಾಗಿಲ್ಲ. ನೆರೆಮನೆಗೆ ನೆಗೆದರೆ ಸಾಕು. ಹಾಗೆ ನೆಗೆಯಲು ತಗಲುವ ವೆಚ್ಚವು ಮಹಡಿ ಹತ್ತುವ ವೆಚ್ಚಕ್ಕಿಂತ ಕಡಮೆ. ಆದುದರಿಂದಲೇ ಸಣ್ಣ ನಾಣ್ಯದ ಕೆಂಪು, ಹಳದಿ ಬೆಳಕು ಕೂಡ ಹೀರಲ್ಪಡುತ್ತದೆ.

ವೆಚ್ಚದ ಲೆಕ್ಕದಲ್ಲಿ ಮೂರು ಬಾಬುಗಳಿವೆ. ಕೊಡುವ ಅಣುವಿನಿಂದ ಎಲೆಕ್ಟ್ರಾನನ್ನು ಬಿಡಿಸಿಕೊಳ್ಳಲು ಬೇಕಾದ ಶಕ್ತಿಯು ಖರ್ಚಿನ ಬಾಬು. ಕೊಳ್ಳುವ ಅಣುವು ಅದನ್ನು ಸೇರಿಸಿಕೊಂಡಾಗ ಬಿಟ್ಟುಕೊಡುವ ಶಕ್ತಿಯು ಜಮೆಯ ಬಾಬು. ವರ್ಗಾವಣೆಯಾದ ಬಳಿಕ ಒಂದು ಧನ, ಇನ್ನೊಂದು ಋಣ ವಿದ್ಯುದಂಶವುಳ್ಳವಾಗಿ ಪರಸ್ಪರ ಸೆಳೆಯುವುದರಿಂದ ಉಳಿತಾಯವಾಗುವ ಶಕ್ತಿಯೂ ಜಮೆಗೇ ಸೇರತಕ್ಕದ್ದು. ಖರ್ಚಿನಲ್ಲಿ ಜಮೆಯನ್ನು ಕಳೆದು ಉಳಿಯುವ ಮೊತ್ತವೇ ಬೆಳಕು ತೆರಬೇಕಾದ ಹಣ. ಕೊಡುವವನು ಹೆಚ್ಚು ಧಾರಾಳಿಯಾದರೆ, ಕೊಳ್ಳುವವನು ಹೆಚ್ಚು ಆತುರನಾದರೆ, ಇಬ್ಬರೂ ಹೆಚ್ಚು ಹತ್ತಿರವಿದ್ದರೆ ಆ ಮೊತ್ತವು ಇಳಿಯುತ್ತದೆ. ಬಣ್ಣವು ಹಳದಿಯಿಂದ ಕೆಂಪಿನತ್ತ, ಕೆಂಪಿನಿಂದ ನೀಲಿ ಹಸಿರಿನತ್ತ ಸರಿಯುತ್ತದೆ.

ಇದಕ್ಕೆ ಹಳೆಯದಾದರೂ ಸೊಗಸಾದ ನಿದರ್ಶನವೊಂದಿದೆ. ಬಟ್ಟೆಯ ಪೆಟ್ಟಿಗೆಯಲ್ಲಿಡುವ ನುಸಿಗುಳಿಗೆಯ ನ್ಯಾಫ್ತಲೀನ್ ನಿರ್ವರ್ಣ. ಅದರ ಬಳಗಕ್ಕೇ ಸೇರಿದ ಆಂತ್ರಸೀನ್ ಕೂಡ ನಿರ್ವರ್ಣ. ಎಲೆಕ್ಟ್ರಾನಿಗಾಗಿ ಹಾತೊರೆಯುವ ತಿಳಿಹಳದಿಯ ಪಿಕ್ರಿಕ್ ಆಮ್ಲದೊಡನೆ ನ್ಯಾಫ್ತಲೀನ್ ಹರಳುಗಟ್ಟಿದರೆ ಹೊಂಬಣ್ಣದ ಹಳದಿ ದೊರೆಯುತ್ತದೆ. ಆಂತ್ರಸೀನ್ ಹರಳುಗಟ್ಟಿದರೆ ಮಾಣಿಕ್ಯದ ಕೆಂಪು. ನ್ಯಾಫ್ತಲೀನಿನಲ್ಲಿ ಎರಡು ಉಂಗುರಗಳು, ಆಂತ್ರಸೀನಿನಲ್ಲಿ ಮೂರು. ಒಂದು ಉಂಗುರ ಹೆಚ್ಚಿದುದರಿಂದ ಎಲೆಕ್ಟ್ರಾನನ್ನು ಕೊಡುವುದು ಸುಲಭವಾಯಿತು. ಹಳದಿಯಿದ್ದ ಕಡೆ ಕೆಂಪು ಬಂದಿತು. ಪಿಕ್ರಿಕ್ ಆಮ್ಲವು ಸ್ಫೋಟಕ ವಸ್ತುವಾದುದರಿಂದ ಇದು ಮನೆಯಲ್ಲಿ ಪರೀಕ್ಷಿಸತಕ್ಕ ಸಂಗತಿಯಲ್ಲವೆಂಬುದನ್ನು ಇಲ್ಲಿಯೇ ಹೇಳಬೇಕು.

ಅಯೊಡಿನ್ನಿನ ನಾಲ್ಕು ವೇಷ

ಮನೆಯಲ್ಲಿ ಎಲ್ಲರೂ ಕಂಡಿರುವ ಉದಾಹರಣೆ ಬೇಕೆಂದರೆ ಅಯೊಡಿನ್ ಇದೆ. 1811ರಲ್ಲಿ ಫ್ರಾನ್ಸಿನ ಬೆರ್ನಾರ್ ಕೂರ್ತ್ವಾ ಅವರು ಇದನ್ನು ಕಂಡುಹಿಡಿದರು. ಬಿಸಿ ಮಾಡಿದರೆ ಏಳುವ ಇದರ ಆವಿಯು ನೇರಳೆ. ಅಲ್ಲಿ ಅಯೊಡಿನ್ ಅಣುವು ಒಂಟಿ. ಮದ್ಯಸಾರದಲ್ಲಿ ಕರಗಿಸಿದ ಟಿಂಕ್ಚರ್ ಅಯೊಡಿನ್ ಕಂದು. ಅಲ್ಲಿ ಮದ್ಯಸಾರದ ಆಮ್ಲಜನಕವು ಕೊಡುವವನಾಗಿ ಅಯೊಡಿನ್ನಿನ ಜೊತೆಗೂಡಿದೆ. ಕತ್ತರಿಸಿದ ಆಲೂಗಡ್ಡೆಯ ಮೇಲೆ ಅದೇ ಟಿಂಕ್ಚರಿನ ತೊಟ್ಟು ಬಿದ್ದರೆ ಕಡುನೀಲಿ. ಪಿಷ್ಟದ ಅಣುವು ಬುಗುರಿಯ ದಾರದಂತೆ ಸುತ್ತಿಕೊಂಡಿದ್ದು, ಅದರ ಟೊಳ್ಳಿನಲ್ಲಿ ಅಯೊಡಿನ್ ಸರಪಳಿಯಂತೆ ಸಾಲುಗಟ್ಟಿದಾಗ ಈ ನೀಲಿ ಮೂಡುತ್ತದೆ. ಇದನ್ನು 1814ರಷ್ಟು ಹಿಂದೆಯೇ ಗುರುತಿಸಲಾಗಿತ್ತು. ಒಂದೇ ವಸ್ತು; ಸಂಗಡಿಗರು ಬದಲಾದಂತೆ ಬಣ್ಣವೂ ಬದಲಾಗಿದೆ.

ನಾಲ್ಕನೆಯ ವೇಷವು ನಿಜವಾದ ಬಹುಘಟಕ ಹರಳಿನದು. ಅದರ ಜನನವಾದದ್ದು ವೈದ್ಯರೊಬ್ಬರ ಪ್ರಯೋಗಶಾಲೆಯಲ್ಲಿ. ಮಲೇರಿಯಕ್ಕೆ ಸಿಂಕೋನ ಮರದ ತೊಗಟೆಯಿಂದ ತೆಗೆದ ಕ್ವಿನೈನೇ ಮುಖ್ಯ ಮದ್ದಾಗಿದ್ದ ಕಾಲವದು. ಇಂಗ್ಲೆಂಡಿನ ಬ್ರಿಸ್ಟಲ್ ನಗರದ ವೈದ್ಯ ವಿಲಿಯಂ ಬರ್ಡ್ ಹೆರಪಾತ್ ಅವರ ಶಿಷ್ಯ ಫೆಲ್ಪ್ಸ್ ಎಂಬವನು, ಕ್ವಿನೈನ್ ತಿನ್ನಿಸಿದ್ದ ನಾಯಿಯೊಂದರ ಮೂತ್ರಕ್ಕೆ ಅಯೊಡಿನ್ ಹನಿಸಿದಾಗ ಹೊಳೆಯುವ ಹಸಿರು ಹರಳುಗಳು ಕಂಡವು. ಹೆರಪಾತ್ ಅವರು ಅವುಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರು. ಎರಡು ತೆಳುವಾದ ಹರಳುಗಳು ಒಂದೇ ದಿಕ್ಕಿನಲ್ಲಿ ಒಂದರ ಮೇಲೊಂದು ಮಲಗಿದ್ದ ಕಡೆ ಬೆಳಕು ಹಾಯುತ್ತಿತ್ತು. ಅಡ್ಡಡ್ಡಲಾಗಿ ಮಲಗಿದ್ದ ಕಡೆ ಕಗ್ಗತ್ತಲೆ. 1852ರಲ್ಲಿ ಅವರು ಈ ಸಂಗತಿಯನ್ನು ಪ್ರಕಟಿಸಿದರು. ಹರಳಿಗೆ ಮುಂದೆ ಹೆರಪತೈಟ್ ಎಂಬ ಹೆಸರಾಯಿತು.

ಒಂದು ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ನುಂಗಿ, ಅದಕ್ಕೆ ಅಡ್ಡಲಾಗಿ ಕಂಪಿಸುವ ಬೆಳಕನ್ನು ಬಿಡುವ ಗುಣವಿದು. ಅಮೆರಿಕದ ಎಡ್ವಿನ್ ಲ್ಯಾಂಡ್ ಅವರು ಈ ಹರಳಿನ ಅತಿಸಣ್ಣ ಸೂಜಿಗಳನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಒಂದೇ ದಿಕ್ಕಿಗೆ ಮಲಗಿಸಿ, 1929ರಲ್ಲಿ ಪೇಟೆಂಟಿಗೆ ಅರ್ಜಿ ಸಲ್ಲಿಸಿದರು. ಪೊಲರಾಯ್ಡ್ ಎಂಬ ಉದ್ಯಮವು ಬೆಳೆದದ್ದು ಈ ಬೀಜದಿಂದ. ಕ್ರಮೇಣ ಕ್ವಿನೈನನ್ನು ಬಿಟ್ಟು, ಹಿಗ್ಗಿಸಿದ ಪ್ಲಾಸ್ಟಿಕ್ ಹಾಳೆಗೆ ಅಯೊಡಿನ್ ಹಿಡಿಸುವ ವಿಧಾನವು ರೂಢಿಗೆ ಬಂದಿತು. ಇಂದಿನ ಮೊಬೈಲ್ ಫೋನು, ಗಣಕಯಂತ್ರಗಳ ದ್ರವಸ್ಫಟಿಕ ಪರದೆಗಳಲ್ಲಿ ಅದೇ ಜಾತಿಯ ಹಾಳೆಯು ಕೆಲಸ ಮಾಡುತ್ತಿದೆ.

ಇಷ್ಟು ಪ್ರಸಿದ್ಧವಾದ ಹರಳಿನ ಒಳರಚನೆಯು ಸ್ಪಷ್ಟವಾದದ್ದು 157 ವರ್ಷಗಳ ಬಳಿಕ, 2009ರಲ್ಲಿ. ಅಮೆರಿಕದ ಬಾರ್ಟ್ ಕಾರ್ ಮತ್ತು ಸಂಗಡಿಗರು ಎಕ್ಸ್‌ಕಿರಣಗಳ ಸಹಾಯದಿಂದ ಅದನ್ನು ಬಿಡಿಸಿದರು. ನಾಲ್ಕು ಕ್ವಿನೈನ್, ಮೂರು ಸಲ್ಫೇಟ್, ಮೂರು ಮೂರು ಅಯೊಡಿನ್ ಪರಮಾಣುಗಳುಳ್ಳ ಎರಡು ಅಯಾನುಗಳು, ಆರು ನೀರಿನ ಅಣುಗಳು: ಇದು ಆ ಹರಳಿನ ಲೆಕ್ಕ. ಕ್ವಿನೈನಿಗೆ ತನ್ನದಾದ ಬಣ್ಣವಿಲ್ಲ. ಸಲ್ಫೇಟಿಗೂ ನೀರಿಗೂ ಇಲ್ಲ. ಆದರೆ ಆ ನಿರ್ವರ್ಣ ಅಣುಗಳೇ ಅಯೊಡಿನ್ನನ್ನು ಓಣಿಯೊಳಗಿನ ಮೆರವಣಿಗೆಯಂತೆ ಸಾಲುಹಿಡಿಸಿ ನಿಲ್ಲಿಸಿವೆ. ಆ ಸಾಲಿನ ಉದ್ದಕ್ಕೂ ಎಲೆಕ್ಟ್ರಾನುಗಳು ತೂಗಾಡುವುದರಿಂದ ಆ ದಿಕ್ಕಿನಲ್ಲಿ ಕಂಪಿಸುವ ಬೆಳಕೆಲ್ಲ ಖರ್ಚಾಗುತ್ತದೆ. ಬಣ್ಣವಿಲ್ಲದವರು ಕೂಡ ಬಣ್ಣವನ್ನು ನಿರ್ಣಯಿಸಬಲ್ಲರೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯವು ಬೇಕಿಲ್ಲ.

ಸಾಲು, ದೂರ, ತಿರುವು

ಘಟಕಗಳು ಯಾವುವೆಂದು ತಿಳಿದ ಮಾತ್ರಕ್ಕೆ ಬಣ್ಣವನ್ನು ಮುಂದಾಗಿ ಹೇಳಲಾಗುವುದಿಲ್ಲ. ಅವು ಹೇಗೆ ಕುಳಿತಿವೆಯೆಂಬುದೂ ತಿಳಿಯಬೇಕು. ಮುಖಾಮುಖಿಯಾಗಿ ಪೇರಿಸಿದ ಚಪ್ಪಟೆ ಅಣುಗಳ ನಡುವಣ ದೂರವು ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಸುಮಾರು 30 ಲಕ್ಷದಲ್ಲಿ ಒಂದು ಪಾಲು. ಈ ಅಲ್ಪ ದೂರದಲ್ಲಿ ಆಗುವ ಅತ್ಯಲ್ಪ ಹೆಚ್ಚುಕಡಮೆ, ಒಂದು ಅಣುವು ಇನ್ನೊಂದರ ಮೇಲಿಂದ ಸ್ವಲ್ಪ ಪಕ್ಕಕ್ಕೆ ಜಾರಿ ಕೂರುವುದು, ಇವೂ ಬಣ್ಣವನ್ನು ಬದಲಿಸಬಲ್ಲವು.

ಜಪಾನಿನ ರೇಕೋ ಕುರೋಡ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದನ್ನು ಚೆನ್ನಾಗಿ ತೋರಿಸುತ್ತದೆ. ಅವರು ಕ್ವಿನೋನನ್ನೂ ನ್ಯಾಫ್ತಾಲ್ ಜಾತಿಯ ಒಂದು ವಸ್ತುವನ್ನೂ ದ್ರಾವಣದಲ್ಲಿ ಕರಗಿಸಿ ಹರಳುಗಟ್ಟಿಸಿದರು. ಬಳಿಕ ಅವೇ ವಸ್ತುಗಳನ್ನು, ದ್ರವದಲ್ಲಿ ಕರಗಿಸದೆ, ಬರಿದೆ ಅರೆದರು. ಎರಡು ದಾರಿಗಳಿಂದ ದೊರೆತ ಹರಳುಗಳ ಬಣ್ಣಗಳು ಬೇರೆಬೇರೆಯಾಗಿದ್ದವು. ಖಲ್ವದಲ್ಲಿ ಮದ್ದು ಅರೆಯುವ ನಮ್ಮ ಪಂಡಿತರು ಅರೆಯುವ ಹೊತ್ತಿಗೂ ಕ್ರಮಕ್ಕೂ ಮಹತ್ವ ಕೊಡುತ್ತಿದ್ದುದು ಇಲ್ಲಿ ನೆನಪಿಗೆ ಬರುತ್ತದೆ. ಅರೆಯುವುದೆಂದರೆ ಪುಡಿ ಮಾಡುವುದಷ್ಟೇ ಆಗಿರಬೇಕಾಗಿಲ್ಲ. ಅದು ಅಣುಗಳನ್ನು ಹೊಸ ಜಾಗದಲ್ಲಿ ಕೂರಿಸುವ ಕೆಲಸವೂ ಆಗಬಹುದು.

ಅಣುವಿನ ಸ್ವಂತ ಭಂಗಿಯೂ ಗಣನೆಗೆ ಬರುತ್ತದೆ. ಒಂದು ಔಷಧ ತಯಾರಿಕೆಯ ನಡುವೆ ದೊರೆತ ಒಂದು ವಸ್ತುವಿಗೆ ವಿಜ್ಞಾನಿಗಳು ‘ರಾಯ್’ ಎಂದು ಅಡ್ಡಹೆಸರಿಟ್ಟಿದ್ದಾರೆ. ಕೆಂಪು, ಕಿತ್ತಳೆ, ಹಳದಿಗಳ ಇಂಗ್ಲಿಷ್ ಹೆಸರುಗಳ ಮೊದಲಕ್ಷರಗಳಿಂದ ಬಂದ ಹೆಸರದು. ಅದರಲ್ಲಿ ಇರುವುದು ಒಂದೇ ಜಾತಿಯ ಅಣು. ಆದರೂ ಅದು ಹತ್ತಕ್ಕೂ ಹೆಚ್ಚು ಬಗೆಯ ಹರಳುಗಳಾಗಿ ಕಟ್ಟಿಕೊಳ್ಳುತ್ತದೆ. ಅಣುವಿನ ಎರಡು ಉಂಗುರಗಳ ನಡುವಣ ತಿರುವು ಒಂದೊಂದು ಹರಳಿನಲ್ಲಿ ಒಂದೊಂದು ಕೋನದಲ್ಲಿರುವುದು ಬಣ್ಣದ ವ್ಯತ್ಯಾಸಕ್ಕೆ ಮುಖ್ಯ ಕಾರಣ. ಬಹುಘಟಕ ಹರಳಿನಲ್ಲಿ ನೆರೆಯ ಅಣುವು ಒತ್ತಿ ಹಿಡಿದು ಇಂತಹ ತಿರುವನ್ನು ಬಲವಂತವಾಗಿ ಉಂಟುಮಾಡಬಹುದು.

ಹೀಗೆ ಒಂದು ಕೂಡುಹರಳಿನ ಬಣ್ಣವನ್ನು ನಿರ್ಣಯಿಸುವ ಅಂಶಗಳನ್ನು ಒಟ್ಟುಗೂಡಿಸಬಹುದು. ಘಟಕಗಳ ಸ್ವಂತ ಬಣ್ಣ ಮೊದಲನೆಯದು. ಅವುಗಳ ನಡುವಣ ಎಲೆಕ್ಟ್ರಾನಿನ ಕೊಡುಕೊಳ್ಳುವಿಕೆ ಎರಡನೆಯದು. ಅರಿಶಿನ ಸುಣ್ಣಗಳಲ್ಲಿ ಕಂಡಂತಹ ಪ್ರೋಟಾನಿನ ವರ್ಗಾವಣೆ ಮೂರನೆಯದು. ಅಣುಗಳ ಪ್ರಮಾಣ, ಅವು ಕುಳಿತ ಸಾಲು ಮತ್ತು ದೂರ ನಾಲ್ಕನೆಯದು. ಅಣುವಿನ ತಿರುವು ಐದನೆಯದು. ಇವೆಲ್ಲವುಗಳ ಮೇಲೆ ಹರಳಿನ ಗಾತ್ರವೂ ನೋಡುವ ದಿಕ್ಕೂ ಪರಿಣಾಮ ಬೀರುತ್ತವೆ. ಕಡುಬಣ್ಣದ ದೊಡ್ಡ ಹರಳು ಪುಡಿಯಾದಾಗ ತಿಳಿಯಾಗಿ ತೋರುವುದು ಸಾಮಾನ್ಯ.

ಔಷಧಾಲಯದ ಕಡೆಗೆ

ಇಂತಹ ಹರಳುಗಳನ್ನು ಬೇಕೆಂದಂತೆ ಕಟ್ಟುವ ವಿದ್ಯೆಗೆ ಹರಳುಶಿಲ್ಪವೆನ್ನಬಹುದು. ಈ ಕ್ಷೇತ್ರದಲ್ಲಿ ಭಾರತೀಯರ ಪಾಲು ಗಣ್ಯವಾದುದು. ಹೈದರಾಬಾದ್ ವಿಶ್ವವಿದ್ಯಾನಿಲಯದಲ್ಲಿಯೂ ಆ ಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಪ್ರಾಧ್ಯಾಪಕರಾಗಿದ್ದ ಗೌತಮ ದೇಸಿರಾಜು ಅವರು ಈ ವಿಷಯದ ಮೇಲೆ 1989ರಲ್ಲಿ ಪ್ರಕಟಿಸಿದ ಗ್ರಂಥವು ಜಗತ್ತಿನಾದ್ಯಂತ ಮನ್ನಣೆ ಗಳಿಸಿತು.

ಔಷಧಿಯಲ್ಲಿ ಎರಡನೆಯ ಘಟಕವನ್ನು ಸೇರಿಸುವುದು ಬಣ್ಣಕ್ಕಾಗಿ ಅಲ್ಲ, ಕರಗುವಿಕೆಗಾಗಿ. ಹೊಟ್ಟೆಯಲ್ಲಿ ಕರಗದ ಮದ್ದು ರಕ್ತಕ್ಕೆ ಸೇರುವುದಿಲ್ಲ. ಅರಿಶಿನದ ಕುರ್ಕ್ಯುಮಿನ್ ನೀರಿನಲ್ಲಿ ಕರಗುವುದು ಅತ್ಯಲ್ಪ. 2011ರಲ್ಲಿ ಹೈದರಾಬಾದ್ ವಿಶ್ವವಿದ್ಯಾನಿಲಯದ ಅಶ್ವಿನಿ ನಂಗಿಯಾ ಮತ್ತು ಸಂಗಡಿಗರು ಅದನ್ನು ರೆಸಾರ್ಸಿನಾಲ್, ಪೈರೊಗ್ಯಾಲಾಲ್ ಎಂಬ ವಸ್ತುಗಳೊಡನೆ ಸಹಹರಳಾಗಿ ಕಟ್ಟಿದಾಗ ಅದು ಹೆಚ್ಚು ಶೀಘ್ರವಾಗಿ ಕರಗಿತು. ಹೃದಯದ ದೌರ್ಬಲ್ಯಕ್ಕೆ ಕೊಡುವ ಸಾಕುಬಿಟ್ರಿಲ್ ಮತ್ತು ವಾಲ್ಸಾರ್ಟಾನ್ ಎಂಬ ಎರಡು ಮದ್ದುಗಳನ್ನು ಸೋಡಿಯಂ ಮತ್ತು ನೀರಿನೊಡನೆ ಒಂದೇ ಹರಳಿನಲ್ಲಿ ಕೂಡಿಸಿದ ಔಷಧಿಗೆ 2015ರಲ್ಲಿ ಅಮೆರಿಕದಲ್ಲಿ ಪರವಾನಗಿ ದೊರೆಯಿತು.

ಅಣುಗಳ ಜೋಡಣೆಯು ಬದಲಾದರೆ ಕೇಡೂ ಸಂಭವಿಸಬಹುದು. ಏಡ್ಸ್ ರೋಗಿಗಳಿಗೆ ಕೊಡುತ್ತಿದ್ದ ರಿಟೊನಾವಿರ್ ಎಂಬ ಔಷಧಿಯ ಅಣುಗಳು 1998ರಲ್ಲಿ, ಯಾರೂ ಎಣಿಸದಿದ್ದ ಹೊಸ ಮಾದರಿಯಲ್ಲಿ ಹರಳುಗಟ್ಟತೊಡಗಿದವು. ಅಣು ಅದೇ, ಕರಗುವಿಕೆ ಮಾತ್ರ ತೀರ ಕಡಮೆ. ಕ್ಯಾಪ್ಸೂಲುಗಳನ್ನು ಮಾರುಕಟ್ಟೆಯಿಂದ ಹಿಂದೆಗೆದುಕೊಂಡು, ಔಷಧಿಯನ್ನು ಬೇರೆ ರೂಪದಲ್ಲಿ ಸಿದ್ಧಪಡಿಸಬೇಕಾಯಿತು. ಇಂತಹ ಬದಲಾವಣೆಯನ್ನು ಬಣ್ಣವು ಎಲ್ಲ ಸಲವೂ ತೋರಿಸಿಕೊಡುವುದಿಲ್ಲ. ಎರಡು ಬಿಳಿಯ ಪುಡಿಗಳು ಸೇರಿ ಹಳದಿಯಾದರೆ ಅವುಗಳ ನಡುವೆ ಏನೋ ನಡೆದಿದೆಯೆಂದು ರಸಾಯನಜ್ಞನು ತಿಳಿಯುತ್ತಾನೆ. ಬಿಳಿಯಾಗಿಯೇ ಉಳಿದರೆ ಏನೂ ನಡೆದಿಲ್ಲವೆಂದು ಹೇಳಲು ಬರುವುದಿಲ್ಲ. ಆದುದರಿಂದಲೇ ಔಷಧ ಕಾರ್ಖಾನೆಗಳು ಕಣ್ಣನ್ನು ನೆಚ್ಚದೆ ಎಕ್ಸ್‌ಕಿರಣಗಳನ್ನು ನೆಚ್ಚುತ್ತವೆ.

ಗುಳಿಗೆಯ ಎರಡು ಬಣ್ಣಗಳು

ಗುಳಿಗೆಯೊಂದಕ್ಕೆ ಎರಡು ಬಗೆಯ ಬಣ್ಣಗಳಿರಬಹುದು. ಒಂದು ಅದರೊಳಗಿನ ಹರಳಿನದು. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಇಟ್ಟಿಗೆಗೆಂಪು. ಬಿ ಜೀವಸತ್ವಗಳ ಗುಂಪಿನ ರಿಬೊಫ್ಲೇವಿನ್ ಹಳದಿ. ಇವು ಅಣುವಿನಿಂದಲೇ ಬಂದ ಬಣ್ಣಗಳು. ಇವನ್ನು ಸೇವಿಸಿದವರ ಮೂತ್ರದಲ್ಲಿಯೂ ಅವು ಕಾಣಿಸಿಕೊಳ್ಳುತ್ತವೆ, ಅದಕ್ಕಾಗಿ ಗಾಬರಿಪಡಬೇಕಾಗಿಲ್ಲ. ಇನ್ನೊಂದು ಬಣ್ಣವು ಮೇಲಿನ ಲೇಪದ್ದು. ಬಿಳಿಯ ಔಷಧಿಗೆ ಕಬ್ಬಿಣದ ಆಕ್ಸೈಡನ್ನೋ ಬೇರೆ ವರ್ಣದ್ರವ್ಯವನ್ನೋ ಹಚ್ಚಿ ಗುಲಾಬಿ, ಹಳದಿ ಮಾಡುವುದು ತಯಾರಕರ ಇಚ್ಛೆಗೆ ಸೇರಿದ್ದು. ಒಳಗಿನ ಮದ್ದಿನ ಗುಣಕ್ಕೂ ಆ ಬಣ್ಣಕ್ಕೂ ಸಂಬಂಧವಿಲ್ಲ.

ಈ ಭೇದವನ್ನರಿಯದೆ ಆಗುವ ಅನಾಹುತವು ಸಾಮಾನ್ಯವಾದುದು. ಇಷ್ಟು ದಿನ ಗುಲಾಬಿಯಾಗಿದ್ದ ರಕ್ತದೊತ್ತಡದ ಗುಳಿಗೆಯು, ಅಂಗಡಿಯಲ್ಲಿ ಬೇರೆ ಕಂಪೆನಿಯ ಮಾಲು ಬಂದುದರಿಂದ, ಈ ತಿಂಗಳು ಬಿಳಿಯಾಗಿದೆ. ಮನೆಯ ಹಿರಿಯರು ‘ಇದು ನನ್ನ ಗುಳಿಗೆಯಲ್ಲ’ ಎಂದು ಡಬ್ಬಿಯನ್ನು ಬದಿಗಿಡುತ್ತಾರೆ. ಮಗನೂ ಸೊಸೆಯೂ ಬೆಳಗಿನ ಲೋಕಲ್ ರೈಲು ಹಿಡಿದು ಹೋಗಿರುತ್ತಾರೆ. ಕೇಳಿ ತಿಳಿಯೋಣವೆಂದರೆ ಹತ್ತಿರದಲ್ಲಿ ಯಾರೂ ಇಲ್ಲ. ಹೀಗೆ ವಾರಗಟ್ಟಲೆ ಔಷಧಿಯು ನಿಂತುಹೋಗುವುದುಂಟು. ಮೂರ್ಛೆರೋಗದ ಗುಳಿಗೆಗಳ ಬಣ್ಣ ಬದಲಾದಾಗ ರೋಗಿಗಳು ಔಷಧಿಯನ್ನು ಮುಂದುವರಿಸದೆ ಬಿಡುವ ಸಂಭವವು ಹೆಚ್ಚುತ್ತದೆಂದು ಅಮೆರಿಕದಲ್ಲಿ 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ಆದುದರಿಂದ ಬೇರೆ ಬಣ್ಣದ ಗುಳಿಗೆ ಬಂದಾಗ ಪಟ್ಟಿಯ ಮೇಲೆ ಮುದ್ರಿತವಾದ ಔಷಧಿಯ ಮೂಲನಾಮವನ್ನೂ ಮಿಲಿಗ್ರಾಮಿನ ಅಂಕಿಯನ್ನೂ ವೈದ್ಯರ ಚೀಟಿಯೊಡನೆ ತಾಳೆ ನೋಡತಕ್ಕದ್ದು. ಎರಡೂ ಕೂಡಿಬಂದರೆ ಬಣ್ಣಕ್ಕೆ ಹೆದರಬೇಕಾಗಿಲ್ಲ. ಕೂಡಿಬರದಿದ್ದರೆ, ಅಥವಾ ಓದಲು ತಿಳಿಯದಿದ್ದರೆ, ಅದೇ ದಿನ ಔಷಧ ಅಂಗಡಿಯವರನ್ನೋ ವೈದ್ಯರನ್ನೋ ಕೇಳಬೇಕು. ಈ ಎರಡು ಸಾಲುಗಳನ್ನು ಹೇಗೆ ಓದಬೇಕೆಂದು ಮನೆಯ ಹಿರಿಯರಿಗೆ ಒಂದು ಭಾನುವಾರ ಕುಳಿತು ತೋರಿಸಿಕೊಡುವುದು ಕಿರಿಯರ ಕರ್ತವ್ಯ.

ಮನೆಯಲ್ಲಿಟ್ಟ ಅದೇ ಗುಳಿಗೆಯು ದಿನ ಕಳೆದಂತೆ ಬಣ್ಣ ಬದಲಿಸಿದರೆ ಅದು ಬೇರೆಯ ಮಾತು. ಮುಂಬಯಿ, ಚೆನ್ನೈಗಳಂತಹ ಕಡಲತಡಿಯ ನಗರಗಳಲ್ಲಿ, ವಿಶೇಷವಾಗಿ ಮಳೆಗಾಲದಲ್ಲಿ, ಗಾಳಿಯಲ್ಲಿನ ತೇವವು ಗುಳಿಗೆಯೊಳಕ್ಕೆ ಇಳಿಯುತ್ತದೆ. ನೀರು ಕೂಡ ಹರಳಿನಲ್ಲಿ ಒಂದು ಘಟಕವಾಗಬಲ್ಲದೆಂಬುದನ್ನೂ, ಅದು ರಾಸಾಯನಿಕ ಕ್ಷಯಕ್ಕೆ ದಾರಿ ಮಾಡಬಲ್ಲದೆಂಬುದನ್ನೂ ಮರೆಯಬಾರದು. ಸಿ ಜೀವಸತ್ವದ ಗುಳಿಗೆಯ ಮೇಲೆ ಕಂದು ಚುಕ್ಕೆ ಮೂಡುವುದು, ಬಣ್ಣದ ಲೇಪವು ಅಂಟಂಟಾಗುವುದು, ಇವು ತೊರೆಯಬೇಕಾದ ಗುಳಿಗೆಯ ಲಕ್ಷಣಗಳು. ಆಸ್ಪಿರಿನ್ ತೇವಕ್ಕೆ ಸಿಕ್ಕು ಒಡೆದಾಗ ಬಣ್ಣವು ಹೇಳದ ಸುದ್ದಿಯನ್ನು ವಿನೆಗರಿನಂತಹ ಹುಳಿವಾಸನೆಯು ಹೇಳುತ್ತದೆ. ಗುಳಿಗೆಗಳನ್ನು ಅವುಗಳ ಮೂಲ ಪಟ್ಟಿಯಲ್ಲಿಯೇ ಬಿಟ್ಟು, ಸ್ನಾನದ ಮನೆ ಮತ್ತು ಒಲೆಯ ಪಕ್ಕದ ಕಪಾಟುಗಳಿಂದ ದೂರವಾಗಿ, ಬಿಸಿಲು ತಾಕದ ಒಣ ಜಾಗದಲ್ಲಿ ಇಡತಕ್ಕದ್ದು. ಬಣ್ಣವು ಚೆನ್ನಾಗಿಯೇ ಉಳಿದಿದ್ದರೂ ಅವಧಿ ಮುಗಿದ ದಿನಾಂಕವನ್ನು ಅದು ಮೀರಿಸಲಾರದು.

ಆರತಿಯ ತಟ್ಟೆಯ ಕೆಂಪಿನಿಂದ ಹೊರಟ ಪ್ರಶ್ನೆಯು ಹೀಗೆ ಔಷಧಿಯ ಡಬ್ಬಿಯವರೆಗೆ ಬಂದು ನಿಲ್ಲುತ್ತದೆ. ಕೂಡುಹರಳಿನ ಬಣ್ಣವನ್ನು ಘಟಕಗಳು ತಮ್ಮ ನಡುವಣ ವ್ಯವಹಾರದಿಂದ ಒಟ್ಟಾಗಿ ಗಳಿಸುತ್ತವೆ. ಅದನ್ನು ಪೂರ್ತಿ ಓದಲು ವಿಜ್ಞಾನಿಗೆ ಎಕ್ಸ್‌ಕಿರಣವು ಬೇಕು. ಗ್ರಾಹಕನಿಗೆ ಬೇಕಾದದ್ದು ಅಷ್ಟಿಲ್ಲ. ಪಟ್ಟಿಯ ಮೇಲಿನ ಹೆಸರು, ಅಂಕಿ, ದಿನಾಂಕಗಳನ್ನು ಓದಿಕೊಳ್ಳುವ ತಾಳ್ಮೆಯಿದ್ದರೆ ಸಾಕು.